ಚೆಂಡಿಗೂ ಮುನ್ನ ಒಂದು ಓಟ

ಇಪ್ಪತ್ತೆರಡು ಮಂದಿ ಎದುರುಬದುರಾಗಿ ನಿಂತಿದ್ದಾರೆ. ಚೆಂಡು ಇನ್ನೂ ನೆಲದ ಮೇಲೆಯೇ ಇದೆ. ಆಟ ಆರಂಭವಾಗಿಲ್ಲ. ದಾಳಿ ಮಾಡಬೇಕಾದ ತಂಡದ ಹತ್ತು ಮಂದಿ ಕಲ್ಲುಕಂಬಗಳಂತೆ ನಿಶ್ಚಲ. ಹನ್ನೊಂದನೆಯವನೊಬ್ಬ ಮಾತ್ರ ತನ್ನವರ ಬೆನ್ನ ಹಿಂದೆ ಬಲಗಡೆಯಿಂದ ಎಡಗಡೆಗೆ ಓಡುತ್ತಿದ್ದಾನೆ. ಅವನ ಕೈಯಲ್ಲಿ ಚೆಂಡಿಲ್ಲ. ಎಷ್ಟೋ ಸಲ ಚೆಂಡು ಅವನ ಕೈಗೆ ಬರುವುದೂ ಇಲ್ಲ. ಹಾಗಿದ್ದ ಮೇಲೆ ಈ ಓಟವೇಕೆ?

ಅಮೆರಿಕದ ಕಾಲೇಜುಗಳ ಫುಟ್‌ಬಾಲ್ ಪಂದ್ಯವನ್ನು ಟಿ.ವಿ.ಯಲ್ಲಿ ಮೊದಲ ಬಾರಿಗೆ ನೋಡುವವರೆಲ್ಲ ಕೇಳುವ ಪ್ರಶ್ನೆ ಇದು. ಅವರ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಎಸೆಯಬೇಕು. ನಾಲ್ಕು ಅವಕಾಶಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಅವಕಾಶವೂ ಆರಂಭವಾಗುವುದು ನಡುವೆ ಬಾಗಿ ನಿಂತ ‘ಸೆಂಟರ್’ ಎಂಬಾತ ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಟ್ಟಾಗ. ಇದಕ್ಕೆ ‘ಸ್ನ್ಯಾಪ್’ ಎಂದು ಹೆಸರು. ಸ್ನ್ಯಾಪ್‌ಗೆ ಮುನ್ನ ಒಬ್ಬ ಆಟಗಾರ ಓಡುವುದೇ ‘ಮೋಷನ್’, ಅಂದರೆ ಚಲನೆ.

ಈ ಚಲನೆಯ ನಿಯಮ ಬಲು ಬಿಗಿ. ಸ್ನ್ಯಾಪ್ ಆಗುವ ಕ್ಷಣದಲ್ಲಿ ಒಬ್ಬನೇ ಒಬ್ಬ ಓಡುತ್ತಿರಬಹುದು. ಅವನೂ ಅಡ್ಡಡ್ಡಲಾಗಿ ಇಲ್ಲವೇ ಹಿಂದಕ್ಕೆ ಓಡಬಹುದೇ ಹೊರತು ಎದುರಾಳಿಯತ್ತ ಮುನ್ನುಗ್ಗುವಂತಿಲ್ಲ. ಇಬ್ಬರು ಅಥವಾ ಹೆಚ್ಚು ಮಂದಿ ಒಟ್ಟಿಗೆ ಜಾಗ ಬದಲಿಸಿದರೆ, ಆಮೇಲೆ ಎಲ್ಲರೂ ಪೂರ್ತಿ ಒಂದು ಸೆಕೆಂಡು ಸ್ತಬ್ಧರಾಗಿ ನಿಲ್ಲಬೇಕು. ತಪ್ಪಿದರೆ ಐದು ಗಜ ಹಿನ್ನಡೆಯ ದಂಡ. ಇಷ್ಟೊಂದು ಕಟ್ಟುನಿಟ್ಟು ಏಕೆಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು.

1892ರಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ನಡುವೆ ಪಂದ್ಯ ನಡೆಯಿತು. ಹಾರ್ವರ್ಡ್ ತಂಡಕ್ಕೆ ಹೊಸ ವರಸೆಯೊಂದನ್ನು ಹೇಳಿಕೊಟ್ಟಾತ ಲಾರಿನ್ ಡಿಲ್ಯಾಂಡ್. ಚದುರಂಗದ ಹವ್ಯಾಸಿಯಾಗಿದ್ದ ಈತ ಎಂದೂ ಫುಟ್‌ಬಾಲ್ ಆಡಿದವನಲ್ಲ. ಅವನ ಯೋಜನೆಯಂತೆ ಆಟಗಾರರು ಎರಡು ಗುಂಪುಗಳಾಗಿ ದೂರದಿಂದಲೇ ಓಡಿಬಂದು, ನೇಗಿಲ ಮೊನೆಯಂತೆ ಕೂಡಿಕೊಂಡು, ನಿಂತಿದ್ದ ಎದುರಾಳಿಗಳ ಮೇಲೆ ನುಗ್ಗಿದರು. ಇದೇ ‘ಫ್ಲೈಯಿಂಗ್ ವೆಜ್’. ಪಂದ್ಯವನ್ನು ಯೇಲ್ 6–0ರಿಂದ ಗೆದ್ದುಕೊಂಡಿತಾದರೂ ಈ ವರಸೆ ಕಾಡ್ಗಿಚ್ಚಿನಂತೆ ಎಲ್ಲ ಕಾಲೇಜುಗಳಿಗೂ ಹಬ್ಬಿತು.

ಇದರ ಅಪಾಯವನ್ನು ಶಾಲೆಯ ಗಣಿತದಿಂದಲೇ ತಿಳಿಯಬಹುದು. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. 80 ಕಿಲೋ ತೂಕದ ಹತ್ತು ಮಂದಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬರುತ್ತಿದ್ದಾರೆ ಎನ್ನಿ. ಅವರ ಒಟ್ಟು ಸಂವೇಗ, ಸಾವಿರ ಕಿಲೋ ತೂಕದ ಮೋಟಾರು ಕಾರೊಂದು ಗಂಟೆಗೆ 17 ಕಿ.ಮೀ. ವೇಗದಲ್ಲಿ ಬಂದಾಗ ಇರುವಷ್ಟು. ಅದನ್ನು ತಡೆಯಬೇಕಾದವನು ನಿಂತಲ್ಲೇ ನಿಂತಿರುವ ಒಬ್ಬ ವಿದ್ಯಾರ್ಥಿ! ಅವನಿಗೆ ಇಂದಿನಂಥ ಗಟ್ಟಿ ಶಿರಸ್ತ್ರಾಣವೂ ಇರಲಿಲ್ಲ. 1894ರಲ್ಲಿ ಫ್ಲೈಯಿಂಗ್ ವೆಜ್ ನಿಷೇಧವಾಯಿತು. ಆದರೂ ಗುಂಪುಗೂಡಿ ಗುದ್ದುವ ಆಟ ನಿಲ್ಲಲಿಲ್ಲ. 1905ರ ಒಂದೇ ಋತುವಿನಲ್ಲಿ ಆ ದೇಶದಲ್ಲಿ ಫುಟ್‌ಬಾಲ್ ಆಡುತ್ತ ಸತ್ತವರು ಹದಿನೆಂಟಕ್ಕೆ ಕಡಿಮೆಯಿಲ್ಲ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಬೇಕಾಯಿತು. 1906ರಲ್ಲಿ ನಿಯಮಗಳು ಬದಲಾದವು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಓಡುತ್ತ ಬಂದು ಗುದ್ದುವ ದಾರಿಗಳು ಒಂದೊಂದಾಗಿ ಮುಚ್ಚಿದವು. ಕೊನೆಗೆ ಉಳಿದದ್ದು ಒಬ್ಬನ ಓಟ, ಅದೂ ಅಡ್ಡಡ್ಡಲಾಗಿ.

ಹಲ್ಲು ಕಿತ್ತ ಹಾವಿನಂತಾದ ಈ ಚಲನೆಯಿಂದ ಇನ್ನೇನು ಪ್ರಯೋಜನ ಎಂದು ಅನೇಕರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಚಲನೆಯೊಳಗೆ ಬಲದಷ್ಟೇ ಮುಖ್ಯವಾದ ಇನ್ನೊಂದು ವಸ್ತು ಅಡಗಿತ್ತು. ಅದು ಮಾಹಿತಿ.

ರಕ್ಷಣೆಗೆ ನಿಂತ ತಂಡ ತನ್ನ ಯೋಜನೆಯನ್ನು ಗುಟ್ಟಾಗಿ ಇಟ್ಟಿರುತ್ತದೆ. ಸ್ಥೂಲವಾಗಿ ಅವರಿಗೆ ಎರಡು ದಾರಿ: ಒಬ್ಬೊಬ್ಬನೂ ಎದುರಿನ ಒಬ್ಬೊಬ್ಬನನ್ನು ನೆರಳಿನಂತೆ ಹಿಂಬಾಲಿಸುವುದು, ಇಲ್ಲವೇ ಮೈದಾನವನ್ನು ಪಾಲು ಹಂಚಿಕೊಂಡು ತಮ್ಮ ತಮ್ಮ ಪಾಲನ್ನು ಕಾಯುವುದು. ನಿಂತಿರುವಾಗ ಎರಡೂ ಒಂದೇ ರೀತಿ ಕಾಣುತ್ತವೆ. ಈಗ ದಾಳಿಯ ತಂಡದವನೊಬ್ಬ ಅಡ್ಡಲಾಗಿ ಓಡಿದ ಎನ್ನಿ. ಎದುರಿನವನೊಬ್ಬ ಅವನ ಜೊತೆಗೇ ಅಷ್ಟು ದೂರವೂ ಓಡಿದರೆ ಮೊದಲನೆಯ ಯೋಜನೆ. ಯಾರೂ ಹಿಂಬಾಲಿಸದೆ ಎಲ್ಲರೂ ಒಂದೊಂದು ಹೆಜ್ಜೆ ಮಾತ್ರ ಸರಿದುಕೊಂಡರೆ ಬಹುಮಟ್ಟಿಗೆ ಎರಡನೆಯದು. ಚೆಂಡು ನೆಲ ಬಿಡುವ ಮೊದಲೇ ಗುಟ್ಟು ಬಯಲು! ಕಬಡ್ಡಿಯಲ್ಲಿ ದಾಳಿಗೆ ಹೋದವನು ಸುಮ್ಮನೆ ಒಮ್ಮೆ ಕಾಲು ಚಾಚಿ, ಮೂಲೆಯವನು ಹಿಂದೆ ಸರಿಯುತ್ತಾನೋ ಮುಂದೆ ಬೀಳುತ್ತಾನೋ ಎಂದು ನೋಡುವುದಿಲ್ಲವೇ? ಹಾಗೆ.

ಈ ಮಾಹಿತಿಯ ಬೆಲೆ ಎಷ್ಟೆಂದು ತೋರಿಸಿಕೊಟ್ಟದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ. 1939ರಲ್ಲಿ ಆ ತಂಡ ಆಡಿದ ಒಂಬತ್ತು ಪಂದ್ಯಗಳಲ್ಲಿ ಗೆದ್ದದ್ದು ಒಂದು, ಸೋತದ್ದು ಏಳು. ಹೊಸ ತರಬೇತುದಾರನಾಗಿ ಬಂದವರು ಕ್ಲಾರ್ಕ್ ಶಾನೆಸಿ. ಅವರ ಹಿಂದಿನ ತಂಡವಾದ ಷಿಕಾಗೋ ವಿಶ್ವವಿದ್ಯಾಲಯ ಅದೇ 1939ರಲ್ಲಿ ಮಿಷಿಗನ್ ಎದುರು 85–0ರಿಂದ ಸೋತಿತ್ತು. ವರ್ಷಾಂತ್ಯಕ್ಕೆ ಫುಟ್‌ಬಾಲನ್ನೇ ಕೈಬಿಟ್ಟಿತ್ತು. ಸೋತ ತಂಡಕ್ಕೆ ಸೋತ ಗುರು!

ಶಾನೆಸಿ ‘ಟಿ’ ಅಕ್ಷರದಾಕಾರದ ಹಳೆಯ ವ್ಯೂಹವೊಂದನ್ನು ಹೊಸದಾಗಿ ಹೂಡಿದರು. ಸೆಂಟರ್‌ನ ಬೆನ್ನಿಗೇ ಕ್ವಾರ್ಟರ್‌ಬ್ಯಾಕ್ ಎಂಬ ಸೂತ್ರಧಾರ, ಅವನ ಹಿಂದೆ ಮೂವರು. ಸ್ನ್ಯಾಪ್‌ಗೆ ಮುನ್ನ ಆ ಮೂವರಲ್ಲೊಬ್ಬ ಪಕ್ಕಕ್ಕೆ ಓಡತೊಡಗುತ್ತಿದ್ದ. ಎದುರಾಳಿಗಳು ಆಗ ಮಧ್ಯದಲ್ಲಿ ಗುಂಪುಗೂಡಿ ನಿಂತು ಬಲದಿಂದ ತಡೆಯುವುದಕ್ಕೇ ಒಗ್ಗಿಹೋದವರು. ಓಡುವವನ ಹಿಂದೆ ಅವರಲ್ಲೊಬ್ಬ ಹೋದರೆ ಮಧ್ಯದಲ್ಲಿ ಕಂಡಿ ಬೀಳುತ್ತಿತ್ತು; ದೈತ್ಯಾಕಾರದ ನಾರ್ಮ್ ಸ್ಟ್ಯಾಂಡ್ಲಿ ಅಲ್ಲಿ ನುಗ್ಗುತ್ತಿದ್ದ. ಯಾರೂ ಹೋಗದಿದ್ದರೆ ಓಡಿದವನು ಒಂಟಿಯಾಗಿ ನಿಂತಿರುತ್ತಿದ್ದ. ಎಡಗೈ ಆಟಗಾರ ಫ್ರಾಂಕಿ ಆಲ್ಬರ್ಟ್ ಅವನತ್ತ ಚೆಂಡೆಸೆಯುತ್ತಿದ್ದ. ಅತ್ತ ಹೋದರೆ ದರಿ, ಇತ್ತ ಹೋದರೆ ಪುಲಿ. ಹೆಚ್ಚುಕಡಿಮೆ ಹಿಂದಿನ ವರ್ಷದ ಹುಡುಗರನ್ನೇ ಕಟ್ಟಿಕೊಂಡು ಸ್ಟ್ಯಾನ್‌ಫರ್ಡ್ 1940ರ ಋತುವಿನ ಹತ್ತಕ್ಕೆ ಹತ್ತು ಪಂದ್ಯಗಳನ್ನೂ ಗೆದ್ದಿತು. ಕೊನೆಯದು 1941ರ ಜನವರಿ 1ರಂದು ನಡೆದ ರೋಸ್ ಬೌಲ್; ಅಲ್ಲಿ ನೆಬ್ರಾಸ್ಕ 21–13ರಿಂದ ಸೋತಿತು.

ಇದೇ ವಿದ್ಯೆಯ ಇನ್ನೊಂದು ಫಲ ವೃತ್ತಿಪರ ಆಟದಲ್ಲಿ ಕಂಡಿತು. 1940ರ ನವೆಂಬರ್‌ನಲ್ಲಿ ಷಿಕಾಗೋ ಬೇರ್ಸ್ ತಂಡವನ್ನು ವಾಷಿಂಗ್ಟನ್ 7–3ರಿಂದ ಸೋಲಿಸಿತ್ತು. ಮೂರು ವಾರದ ಬಳಿಕ ಅಂತಿಮ ಪಂದ್ಯದಲ್ಲಿ ಮತ್ತೆ ಅದೇ ಇಬ್ಬರು ಎದುರಾದರು. ಬೇರ್ಸ್ ತಂಡದ ಸಿದ್ಧತೆಯಲ್ಲಿ ಶಾನೆಸಿ ಅವರ ಕೈಯೂ ಇತ್ತು. ಮೊದಲ ವರಸೆಯಲ್ಲಿ ಒಬ್ಬನನ್ನು ಅಡ್ಡ ಓಡಿಸಿ, ಎದುರಾಳಿ ಹಳೆಯ ರಕ್ಷಣೆಯನ್ನೇ ಹೂಡಿದ್ದಾನೆಯೇ ಎಂದು ಪರೀಕ್ಷಿಸಿದರು. ಹೌದೆಂದು ತಿಳಿಯಿತು. ಎರಡನೆಯ ವರಸೆಯಲ್ಲೇ ಬಿಲ್ ಒಸ್ಮಾನ್‌ಸ್ಕಿ 68 ಗಜ ಓಡಿ ಅಂಕ ಗಳಿಸಿದ. ಅಂತಿಮ ಅಂಕ 73–0. ಆ ಲೀಗ್‌ನಲ್ಲಿ ಇಷ್ಟು ಅಂತರದ ಗೆಲುವು ಇಂದಿಗೂ ಮತ್ತೊಂದಿಲ್ಲ.

ಮಾಹಿತಿಯ ಜೊತೆಗೆ ಸಮಯದ ಲೆಕ್ಕವೂ ಇದೆ. ದೀಪ ಹೊತ್ತಿದೊಡನೆ ಗುಂಡಿ ಒತ್ತಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು. ದೀಪಗಳು ಹಲವಿದ್ದು, ಒಂದೊಂದಕ್ಕೂ ಬೇರೆ ಬೇರೆ ಗುಂಡಿ ಇದ್ದರೆ ಇನ್ನೂ ತಡ. ಆಯ್ಕೆಗಳು ಇಮ್ಮಡಿಯಾದಂತೆಲ್ಲ ಪ್ರತಿಕ್ರಿಯೆಯ ಕಾಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರುತ್ತ ಹೋಗುತ್ತದೆಂದು ಬ್ರಿಟನ್ನಿನ ಮನೋವಿಜ್ಞಾನಿ ಹಿಕ್ 1952ರಲ್ಲಿ ತೋರಿಸಿದರು. ಅಡ್ಡ ಓಟವೊಂದು ರಕ್ಷಕನ ಮುಂದೆ ಹೊಸ ಆಯ್ಕೆಗಳನ್ನು ತಂದು ಸುರಿಯುತ್ತದೆ. ಅವನು 0.2 ಸೆಕೆಂಡು ಹೆಚ್ಚು ಯೋಚಿಸಿದರೆ, ಸೆಕೆಂಡಿಗೆ 8 ಮೀಟರ್ ಓಡುವ ಎದುರಾಳಿ 1.6 ಮೀಟರ್ ಮುಂದೆ ಹೋಗಿರುತ್ತಾನೆ. ಚಾಚಿದ ಕೈಗೆ ಸಿಗದಷ್ಟು ದೂರ ಅದು. ಜೊತೆಗೆ ಜಡತ್ವದ ಲಾಭ ಬೇರೆ: ನಿಂತವನು ವೇಗ ಪಡೆಯಲು ಹೊತ್ತು ಬೇಕು, ಓಡುತ್ತಿರುವವನು ಆ ವೇಗದಲ್ಲಿ ಆಗಲೇ ಇದ್ದಾನೆ.

ಕಾಲೇಜು ಮೈದಾನದ ರೇಖಾಗಣಿತವೂ ಇದಕ್ಕೆ ಪೂರಕ. ಮೈದಾನದ ಅಗಲ 160 ಅಡಿ. ಆಟ ಅಂಚಿನತ್ತ ಮುಗಿದರೆ ಚೆಂಡನ್ನು ತಂದಿಡುವ ಗುರುತು ಆ ಅಂಚಿನಿಂದ 60 ಅಡಿಯಲ್ಲಿದೆ. ಅಂದರೆ ಒಂದು ಪಕ್ಕದಲ್ಲಿ 60 ಅಡಿ, ಇನ್ನೊಂದು ಪಕ್ಕದಲ್ಲಿ 100 ಅಡಿ ಬಯಲು. ವೃತ್ತಿಪರ ಮೈದಾನದಲ್ಲಿ ಗುರುತುಗಳು ನಡುವಿಗೆ ಹತ್ತಿರವಿರುವುದರಿಂದ ಈ ಅಂತರ ಕಡಿಮೆ. ವಿಶಾಲ ಪಕ್ಕದತ್ತ ಒಬ್ಬ ಓಡಿದರೆ ರಕ್ಷಕರು ಅವನಿಗಾಗಿ ಆ ಬಯಲಿಗೆ ಹರಡಿಕೊಳ್ಳಬೇಕು. ಹರಡಿಕೊಂಡರೆ ನಡುವೆ ತೆಳುವಾಗುತ್ತಾರೆ.

ಬಲ ಕಡಿಮೆಯಿದ್ದವರಿಗೆ ಈ ವಿದ್ಯೆ ಹೆಚ್ಚು ಒದಗುತ್ತದೆ. 2007ರ ಜನವರಿ 1ರ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ ಐಡಹೊ ರಾಜ್ಯದ ಬೋಯ್ಸಿ ಸ್ಟೇಟ್, ಘಟಾನುಘಟಿ ಒಕ್ಲಹೋಮ ತಂಡವನ್ನು ಎದುರಿಸಿತ್ತು. ಹೆಚ್ಚುವರಿ ಆಟದಲ್ಲಿ ಏಳು ಅಂಕ ಹಿಂದೆ. ನಾಲ್ಕನೆಯ, ಅಂದರೆ ಕೊನೆಯ ಅವಕಾಶ. ಆಗ ಅಡ್ಡ ಓಡಿದವನು ಬೇರೆ ಯಾರೂ ಅಲ್ಲ, ಚೆಂಡು ಪಡೆಯಬೇಕಾಗಿದ್ದ ಕ್ವಾರ್ಟರ್‌ಬ್ಯಾಕ್! ಚೆಂಡು ನೇರವಾಗಿ ವಿನ್ನಿ ಪೆರೆಟಾ ಎಂಬವನಿಗೆ ಹೋಯಿತು. ಅವನು ಬಲಗಡೆ ಓಡುತ್ತ ಎಸೆದ ಚೆಂಡು ಗೆರೆ ದಾಟಿ ಅಂಕವಾಯಿತು. ಮರುವರಸೆಯಲ್ಲಿ ಇನ್ನೆರಡು ಅಂಕ ಗಳಿಸಿ ಬೋಯ್ಸಿ ಸ್ಟೇಟ್ 43–42ರಿಂದ ಗೆದ್ದಿತು.

ಹಾಗೆಂದು ಓಡಿಸಿದವರೆಲ್ಲ ಗೆಲ್ಲುವುದಿಲ್ಲ. ಓಡಿದಾಗಲೆಲ್ಲ ಒಂದೇ ವರಸೆ ಹೂಡುವ ತಂಡದ ಓಟ, ಎದುರಾಳಿಗೇ ಮಾಹಿತಿ ಕೊಡುತ್ತದೆ. ಆದ್ದರಿಂದ ಒಂದೇ ಓಟಕ್ಕೆ ಮೂರು ವರಸೆಗಳನ್ನಾದರೂ ಜೋಡಿಸಬೇಕು: ಒಮ್ಮೆ ಅವನಿಗೇ ಚೆಂಡು, ಒಮ್ಮೆ ಕೊಟ್ಟಂತೆ ನಟಿಸಿ ನಡುವೆ ನುಗ್ಗುವುದು, ಒಮ್ಮೆ ಎಸೆತ. ಓಟದ ಯಾವ ಹೆಜ್ಜೆಗೆ ಸ್ನ್ಯಾಪ್ ಎಂಬುದು ದಿನವೂ ಅಭ್ಯಾಸವಾಗಬೇಕು. ಒಂದು ಹೆಜ್ಜೆ ಮುಂದಕ್ಕೆ ವಾಲಿದರೂ ಐದು ಗಜ ನಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಓಡಿಸಿದ ಮೇಲೆ ನೋಡುವವನೊಬ್ಬ ಬೇಕು. ಎದುರಿನಲ್ಲಿ ಯಾರು ಸರಿದರು, ಎಷ್ಟು ಸರಿದರು ಎಂದು ನೋಡದಿದ್ದರೆ ಆ ಓಟ ಬರಿಯ ದಣಿವು.

ನೋಡುವ ಹೊಣೆ ಕೊನೆಗೆ ಬೀಳುವುದು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಯ ಮೇಲೆ. 2024ರಿಂದ ಅಲ್ಲಿನ ಉನ್ನತ ವಿಭಾಗದ ಕಾಲೇಜು ಪಂದ್ಯಗಳಲ್ಲಿ ಒಬ್ಬ ಆಟಗಾರನ ಶಿರಸ್ತ್ರಾಣದೊಳಕ್ಕೆ ತರಬೇತುದಾರನ ಮಾತು ಕೇಳಿಸುವ ಏರ್ಪಾಡಿದೆ. ಆದರೆ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಧ್ವನಿ ಕಡಿದುಹೋಗುತ್ತದೆ. ಅಡ್ಡ ಓಟ ಹೆಚ್ಚಾಗಿ ನಡೆಯುವುದು ಅದರ ನಂತರ. ಗುರು ಮೌನವಾದ ಮೇಲೆಯೇ ಶಿಷ್ಯನ ಪರೀಕ್ಷೆ!

ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠ ಒಂದಿದೆ: ಉಳಿದುದನ್ನೆಲ್ಲ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸಿ, ಏನಾಗುತ್ತದೆಂದು ನೋಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಹತ್ತು ಮಂದಿ ನಿಂತಿರಲಿ, ಒಬ್ಬ ಮಾತ್ರ ಚಲಿಸಲಿ ಎಂದು ಫುಟ್‌ಬಾಲಿನ ನಿಯಮ ಮಾಡಿದವರು ಯೋಚಿಸಿದ್ದು ಆಟಗಾರರ ಪ್ರಾಣವನ್ನು, ವಿಜ್ಞಾನವನ್ನಲ್ಲ. ಆದರೂ ಅವರ ಕೈಯಿಂದ ಒಳ್ಳೆಯದೊಂದು ಪ್ರಯೋಗದ ನಿಯಮ ರೂಪುಗೊಂಡಿತು. ಹತ್ತು ಮಂದಿ ಸೇರಿ ಓಡಿದಾಗ ಆ ಆಟ ಮೂಳೆ ಮುರಿಯಿತು. ಒಬ್ಬನೇ ಓಡಿದಾಗ ಯೋಚಿಸಲು ಕಲಿಯಿತು.