ರಿಬ್ಬನ್ ಕತ್ತರಿಸಿದರೆ ರನ್‌ವೇ ಬೆಳೆಯದು

ಮೈಸೂರು ಅರಸರು ಬೇಸಗೆಯಲ್ಲಿ ಫರ್ನ್‌ಹಿಲ್ ಅರಮನೆಗೆ ಬರುತ್ತಿದ್ದ ಕಾಲದಿಂದಲೂ ನೀಲಗಿರಿಗೂ ಮೈಸೂರಿಗೂ ನಂಟಿದೆ. ಇಲ್ಲಿನ ಕನ್ನಡಿಗರಾದ ನಮಗೆ ಅದು ತವರಿನ ದಾರಿ. ಆದ್ದರಿಂದ ಮಂಡಕಳ್ಳಿಯ ವಿಮಾನ ನಿಲ್ದಾಣದ ವಿಷಯದಲ್ಲಿ ನಾಲ್ಕು ಮಾತು ಖಂಡಿತವಾಗಿ ಹೇಳುವ ಅಧಿಕಾರ ನಮಗೂ ಇದೆ.

‘ಮೈಸೂರಿನಲ್ಲಿ ವಿಮಾನವೇರುವ ಜನರಿಲ್ಲ’ ಎಂಬುದು ಬಹುಕಾಲದಿಂದ ಕೇಳಿಬರುತ್ತಿರುವ ಆರೋಪ. ಚರಿತ್ರೆಯನ್ನು ನೋಡಿದವರು ಇದನ್ನು ಒಪ್ಪಲಾರರು. ಸಂಸ್ಥಾನದ ಆಡಳಿತವು 1940ರ ದಶಕದಲ್ಲಿಯೇ ಇಲ್ಲಿ ವಿಮಾನ ಇಳಿಯುವ ನೆಲವನ್ನು ಸಿದ್ಧಪಡಿಸಿತ್ತು. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಗೆ ಪಾಲುಬಂಡವಾಳ ಹೂಡಿದ್ದೂ ಅದೇ ಸಂಸ್ಥಾನ. ಆಗ ಇದ್ದ ದೂರದೃಷ್ಟಿ ಅನಂತರ ಎಲ್ಲಿ ಹೋಯಿತು? 1980ರ ದಶಕದಲ್ಲಿ ವಾಯುದೂತ ಬಂದಿತು, ನಿಂತಿತು. 2010ರ ಮೇ ತಿಂಗಳಿನಲ್ಲಿ ಹೊಸ ಕಟ್ಟಡದ ಉದ್ಘಾಟನೆ ಸಂಭ್ರಮದಿಂದ ನಡೆಯಿತು. ಅದೇ ವರ್ಷ ಬಂದ ಕಿಂಗ್‌ಫಿಷರ್ ಮರುವರ್ಷವೇ ಹಾರಾಟ ನಿಲ್ಲಿಸಿತು. 2013ರಲ್ಲಿ ಸ್ಪೈಸ್‌ಜೆಟ್ ಬಂದು ಹೋಯಿತು. 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರಿತು, ಅದೂ ನಿಲ್ಲಲಿಲ್ಲ. ಪ್ರತಿ ಬಾರಿಯೂ ಹಾರ, ಭಾಷಣ, ಛಾಯಾಚಿತ್ರ. ಕೆಲವು ತಿಂಗಳು ಕಳೆದರೆ ಮೌನ.

ದೋಷ ಪ್ರಯಾಣಿಕರದಲ್ಲ. ಇಲ್ಲಿಯ ರನ್‌ವೇ 1,740 ಮೀಟರ್ ಮಾತ್ರ. ಎಪ್ಪತ್ತರಷ್ಟು ಆಸನಗಳ ಎ.ಟಿ.ಆರ್. ವಿಮಾನಕ್ಕೆ ಅದು ಸಾಕು. ದೊಡ್ಡ ಜೆಟ್ ವಿಮಾನಕ್ಕೆ ಸಾಲದು. ಆಸನ ಕಡಮೆಯಾದಷ್ಟೂ ಒಬ್ಬೊಬ್ಬರ ಮೇಲೆ ಬೀಳುವ ವೆಚ್ಚ ಹೆಚ್ಚು. ಉಡಾನ್ ಸಹಾಯಧನವಾದರೋ ಮೂರು ವರ್ಷಗಳ ಮಾತು. ಊರುಗೋಲು ಕಸಿದುಕೊಂಡು, ನಡೆಯಲಿಲ್ಲವೆಂದು ಬೈಯುವುದು ಯಾವ ನ್ಯಾಯ? 2023ರಲ್ಲಿ ತೆರೆದ ಶಿವಮೊಗ್ಗ ನಿಲ್ದಾಣಕ್ಕೆ 3,200 ಮೀಟರ್ ರನ್‌ವೇ ದೊರೆಯಿತು. ಅದಕ್ಕೆ ನಮಗೆ ಸಂತೋಷವೇ. ಆದರೆ ಲೋಕಪ್ರಸಿದ್ಧ ದಸರೆಯ ನಗರಿಗೆ ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಸಾಕೆಂದು ನಿರ್ಧರಿಸಿದವರಾರು? ರನ್‌ವೇ ವಿಸ್ತರಣೆಗೆ ನಂಜನಗೂಡು ಹೆದ್ದಾರಿ ಅಡ್ಡವೆನ್ನುತ್ತಾರೆ. ಹೆದ್ದಾರಿಯನ್ನು ತಿರುಗಿಸುವ, ರನ್‌ವೇಯ ಅಡಿಯಲ್ಲಿ ಒಯ್ಯುವ ಚರ್ಚೆಗಳಲ್ಲೇ ವರ್ಷಗಳು ಸಂದವು. ಈ ನಡುವೆ ನಿಲ್ದಾಣಕ್ಕೆ ಯಾರ ಹೆಸರಿಡಬೇಕೆಂಬ ಜಗಳ ಮಾತ್ರ ಬಲು ಚುರುಕಾಗಿ ಸಾಗಿದೆ! ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಂತಾಯಿತು.

ಇನ್ನು ನಮ್ಮ ಬೆಟ್ಟದ ಕಷ್ಟ. ಮಂಡಕಳ್ಳಿ ನಂಜನಗೂಡಿನ ರಸ್ತೆಯಲ್ಲೇ ಇರುವುದರಿಂದ ನಮಗೆ ನಗರ ಹೊಗುವ ಮುನ್ನವೇ ಸಿಗುತ್ತದೆ. ಹಾಗಿದ್ದರೂ ನಾವು ಕೊಯಮತ್ತೂರಿಗೇ ಇಳಿಯುತ್ತೇವೆ. ಬಂಡೀಪುರದ ಅರಣ್ಯದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಸಂಜೆ ಏಳರ ಮೇಲೆ ಇಳಿಯುವ ವಿಮಾನದಿಂದಾಗಲಿ, ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೊರಡುವ ವಿಮಾನದಿಂದಾಗಲಿ ಊಟಿ, ಗೂಡಲೂರು, ಮಸಿನಗುಡಿಯವರಿಗೆ ಪ್ರಯೋಜನವಿಲ್ಲ.

ಹಾಗಾದರೆ ನಿಷೇಧವನ್ನೇ ತೆಗೆಯಿರಿ ಎನ್ನುವವರು ನಮ್ಮಲ್ಲಿಯೂ ಇದ್ದಾರೆ. ಅವರ ಅವಸರ ನಮಗೆ ಅರ್ಥವಾಗುತ್ತದೆ. ವಾದ ಮಾತ್ರ ಸಮ್ಮತವಲ್ಲ. ಆನೆಗೂ ಹುಲಿಗೂ ಒಂಬತ್ತು ಗಂಟೆಗಳ ನೆಮ್ಮದಿ ಬಿಟ್ಟುಕೊಡಲಾರದಷ್ಟು ನಾವು ದರಿದ್ರರಲ್ಲ. ಕಾಡಿನ ವೇಳೆಯನ್ನು ವಿಮಾನಕ್ಕಾಗಿ ಬದಲಿಸುವುದು ಬೇಡ. ವಿಮಾನದ ವೇಳೆಯನ್ನು ಕಾಡಿಗೆ ಹೊಂದಿಸಲಿ. ನಡುಹಗಲಿನಲ್ಲಿ ಬಂದುಹೋಗುವ ಒಂದು ವಿಮಾನ, ಅದಕ್ಕೆ ಸರಿಯಾಗಿ ನಿಲ್ದಾಣದಿಂದ ಗೂಡಲೂರು ಮಾರ್ಗವಾಗಿ ಊಟಿಗೆ ಒಂದು ಸರ್ಕಾರಿ ಬಸ್ಸು: ಇಷ್ಟಕ್ಕೆ ಯಾವ ಮರವನ್ನೂ ಕಡಿಯಬೇಕಾಗಿಲ್ಲ.

ರನ್‌ವೇಗೆ ಜಮೀನು ಕೊಡುವ ರೈತನಿಗೆ ಯೋಗ್ಯ ಬೆಲೆ ಮೊದಲು ಸಲ್ಲಲಿ, ರನ್‌ವೇ ಆಮೇಲೆ ಬೆಳೆಯಲಿ, ಹೆಸರಿನ ಮಾತು ಕಡೆಯಲ್ಲಿ ಬರಲಿ. ಈ ಕ್ರಮವನ್ನು ತಲೆಕೆಳಗು ಮಾಡಿದ್ದರಿಂದಲೇ ಮಂಡಕಳ್ಳಿಗೆ ಉದ್ಘಾಟನೆಗಳ ಕೊರತೆಯಾಗಲಿಲ್ಲ, ವಿಮಾನಗಳ ಕೊರತೆಯಾಯಿತು. ಈ ಸಮ್ಮೇಳನದ ನಿರ್ಣಯಗಳಲ್ಲಿ ಇದೂ ಒಂದಾಗಿ ಬೆಂಗಳೂರಿಗೂ ದೆಹಲಿಗೂ ತಲುಪಲಿ ಎಂಬುದು ನಮ್ಮ ಒತ್ತಾಯ. ಗಡಿಯಾಚೆಗಿದ್ದೇವೆಂದ ಮಾತ್ರಕ್ಕೆ ನಮ್ಮ ದನಿ ದಾಟಬಾರದೆಂಬ ನಿಯಮವೇನೂ ಇಲ್ಲವಷ್ಟೆ.