ತ್ರಾತ್ ಎಲ್ಲಿದೆ?

2025ರ ಆಗಸ್ಟ್‌ನಲ್ಲಿ ಥಾಯ್ಲೆಂಡಿನ ಕೋ ಚಾಂಗ್ ದ್ವೀಪಕ್ಕೆ ಹೋಗೋಣ ಅಂತ ನಾನೂ ಹೆಂಡ್ತಿಯೂ ರೂಮ್ ಬುಕ್ ಮಾಡಿದ್ವಿ. ಜುಲೈ 24ಕ್ಕೆ ಕಾಂಬೋಡಿಯಾ ಗಡಿಯಲ್ಲಿ ಕಾಳಗ ಶುರು. 'ಗಡಿ ಎಲ್ಲೋ, ಬೀಚ್ ಎಲ್ಲೋ, ಆರಾಮಾಗಿ ಹೋಗ್ಬಾ ಮಗಾ' ಅಂದ ಗೆಳೆಯ.

ಮರುದಿನ ಬ್ಯಾಂಕಾಕಿನ ನಮ್ಮ ರಾಯಭಾರ ಕಚೇರಿಯ ಸೂಚನೆ ಬಂತು. ಏಳು ಪ್ರಾಂತ್ಯಗಳಿಗೆ ಹೋಗಬೇಡಿ ಅಂತ ಅಲ್ಲಿನ ಪ್ರವಾಸೋದ್ಯಮ ಪ್ರಾಧಿಕಾರ ಹೇಳಿದೆ, ಗಮನಿಸಿ ಎಂದು. ಪಟ್ಟಿಯಲ್ಲಿ ಕೋ ಚಾಂಗ್ ಇಲ್ಲ! ಸಮಾಧಾನ ಆಯ್ತು. ಆದರೆ ತ್ರಾತ್ ಅಂತ ಒಂದು ಹೆಸರಿತ್ತು. ಮ್ಯಾಪ್ ತೆಗೆದ್ರೆ, ನಮ್ಮ ದ್ವೀಪ ಇರೋದೇ ಆ ಪ್ರಾಂತ್ಯದಲ್ಲಿ. ಸರ್ಕಾರ ಬರೆಯೋದು ಪ್ರಾಂತ್ಯದ ಹೆಸರು, ನಾವು ಬುಕ್ ಮಾಡೋದು ಬೀಚಿನ ಹೆಸರು.

ನಮ್ಮ ಇನ್ಶೂರೆನ್ಸ್ ಪಾಲಿಸಿಯಲ್ಲಿ ಯುದ್ಧಕ್ಕೆ ಕವರ್ ಇರಲಿಲ್ಲ. ಟ್ರಿಪ್ ಕ್ಯಾನ್ಸಲ್, ರೂಮಿನ ದುಡ್ಡು ಗೋವಿಂದ. ಈಗ ಹೋಟೆಲ್ ನೋಡೋಕೆ ಮುಂಚೆ ಪ್ರಾಂತ್ಯ ಯಾವುದು ಅಂತ ಬರ್ಕೊಳ್ತೀನಿ. ಹೆಂಡ್ತಿ ನಗ್ತಾಳೆ.