ಪಾಠದ ಗ್ರೂಪ್ ಇದೆ, ಪಾಠ ಎಲ್ಲಿದೆ?

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ಅನೇಕ ಮನೆಗಳಲ್ಲಿ ತಂದೆ ಅಥವಾ ತಾಯಿಯ ಮೊಬೈಲೇ ತರಗತಿಯಾಯಿತು. ಶಾಲೆಗಳು ಮತ್ತೆ ತೆರೆದು ವರ್ಷಗಳೇ ಕಳೆದಿವೆ. ಆದರೆ ಅಂದು ಹುಟ್ಟಿಕೊಂಡ ವಾಟ್ಸ್‌ಆಪ್ ಗ್ರೂಪ್‌ಗಳು ಹಾಗೆಯೇ ಉಳಿದಿವೆ. ಶಾಲೆಯದೊಂದು ಗ್ರೂಪ್, ಟ್ಯೂಷನ್ನಿನದೊಂದು, ಭಾನುವಾರದ ಜೈನ ಪಾಠಶಾಲೆಯದು ಮತ್ತೊಂದು. ಇಷ್ಟೆಲ್ಲ ಇದ್ದೂ ಮಕ್ಕಳ ಕಲಿಕೆ ಎಷ್ಟು ಮುಂದೆ ಹೋಗಿದೆ ಎಂಬುದು ಈಗ ಪೋಷಕರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಹೆಚ್ಚಿನ ಗ್ರೂಪ್‌ಗಳಲ್ಲಿ ನಡೆಯುವುದು ಪಾಠವಲ್ಲ, ರವಾನೆ. ಶಿಕ್ಷಕರು ಹೋಮ್‌ವರ್ಕ್‌ನ ಫೋಟೊ ಹಾಕುತ್ತಾರೆ, ಪೋಷಕರು ಹೆಬ್ಬೆರಳಿನ ಗುರುತು ಒತ್ತುತ್ತಾರೆ, ಮಗು ನಕಲು ಮಾಡುತ್ತದೆ. ನೂರಾರು ಸಂದೇಶಗಳ ನಡುವೆ ಕಳೆದ ತಿಂಗಳ ಪಾಠವನ್ನು ಹುಡುಕುವುದೇ ಕಷ್ಟ. ಸುದ್ದಿ ಮುಟ್ಟಿಸಲು ವಾಟ್ಸ್‌ಆಪ್ ಒಳ್ಳೆಯ ಸಾಧನ, ನಿಜ. ಆದರೆ ಮಕ್ಕಳು ಕೂಡಿ ಬರೆಯಲು, ತಿದ್ದಲು, ಪ್ರಶ್ನಿಸಲು ಅದು ತಕ್ಕುದಲ್ಲ.

ಅದಕ್ಕೆಂದೇ ಬೇರೆ ಸಾಧನಗಳಿವೆ. ಗೂಗಲ್ ಡಾಕ್ಸ್‌ನಂತಹ ಹಂಚಿಕೆಯ ಕಡತದಲ್ಲಿ ಹತ್ತು ಮಕ್ಕಳು ಒಂದೇ ಪುಟದಲ್ಲಿ ಬರೆಯಬಹುದು. ತಮ್ಮ ಖಾತೆಯಿಂದಲೇ ಬರೆದರೆ ಯಾರು ಏನು ಸೇರಿಸಿದರು, ಯಾವಾಗ ಅಳಿಸಿದರು ಎಂಬುದೆಲ್ಲ ಅದರ ಆವೃತ್ತಿ ಇತಿಹಾಸದಲ್ಲಿ ಸಿಗುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಪ್ರತಿ ಲೇಖನಕ್ಕೂ ಇಂತಹ ಇತಿಹಾಸ ಪುಟವಿದೆ, ಜೊತೆಗೆ ಚರ್ಚೆಗೊಂದು ಪುಟವೂ ಇದೆ. ಆಧಾರವಿಲ್ಲದ ಮಾತನ್ನು ಅಲ್ಲಿ ಯಾರು ಬೇಕಾದರೂ ಪ್ರಶ್ನಿಸಬಹುದು.

ಇದರ ಪ್ರಯೋಜನ ತಿಳಿಯಲು ನಮ್ಮ ಸಮಾಜದ್ದೇ ಒಂದು ಉದಾಹರಣೆ ಸಾಕು. ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯ ಪ್ರತಿಷ್ಠಾಪನೆಯ ವರ್ಷ ಕೆಲವು ಪುಸ್ತಕಗಳಲ್ಲಿ 981, ಕೆಲವದರಲ್ಲಿ 983. ಎತ್ತರವೂ ಒಂದೆಡೆ 57 ಅಡಿ, ಇನ್ನೊಂದೆಡೆ 58 ಅಡಿ. ವಾಟ್ಸ್‌ಆಪ್ ಗ್ರೂಪ್‌ನಲ್ಲಿ ಇದು ವಾದಕ್ಕೆ ತಿರುಗುತ್ತದೆ, ಇಲ್ಲವೇ ಕೊನೆಗೆ ಬಂದ ಫಾರ್ವರ್ಡ್ ಗೆಲ್ಲುತ್ತದೆ. ಇದನ್ನೇ ಹಂಚಿಕೆಯ ಕಡತದಲ್ಲಿ ಮಾಡಿಸಿದರೆ ಪ್ರತಿ ವಿದ್ಯಾರ್ಥಿ ತನ್ನ ಅಂಕಿಯ ಪಕ್ಕದಲ್ಲಿ ಅದು ಯಾವ ಪುಸ್ತಕದ್ದು ಎಂದು ಬರೆಯಬೇಕಾಗುತ್ತದೆ. ಆಗ ಶಿಕ್ಷಕರಿಗೆ ನಿಜವಾದ ಪಾಠ ಹೇಳುವ ಅವಕಾಶ ಸಿಗುತ್ತದೆ. ಮೂರ್ತಿಯ ಪಾದದ ಬಳಿಯ ಶಾಸನಗಳು ಅದನ್ನು ಚಾವುಂಡರಾಯ ಮಾಡಿಸಿದನೆಂದು ತಿಳಿಸುತ್ತವೆ, ಆದರೆ ವರ್ಷವನ್ನು ಹೇಳುವುದಿಲ್ಲ. ವರ್ಷವನ್ನು ವಿದ್ವಾಂಸರು ಬೇರೆ ಆಧಾರಗಳಿಂದ ಲೆಕ್ಕ ಹಾಕಿದ್ದಾರೆ, ಆದ್ದರಿಂದಲೇ ವ್ಯತ್ಯಾಸ. ಇಷ್ಟನ್ನು ಅರಿತ ಮಗು ಒಂದು ಇಸವಿಯನ್ನು ಬಾಯಿಪಾಠ ಮಾಡಿದ ಮಗುವಿಗಿಂತ ಹೆಚ್ಚು ಕಲಿತಿರುತ್ತದೆ.

ಅನೇಕಾಂತವನ್ನು ಪಾಠಶಾಲೆಯಲ್ಲಿ ಆನೆ ಮತ್ತು ಕುರುಡರ ಕಥೆಯ ಮೂಲಕ ಹೇಳಿಕೊಡುವುದುಂಟು. ಆದರೆ ಎಲ್ಲರ ಮಾತೂ ಸರಿ ಎಂಬುದು ಅನೇಕಾಂತದ ಅರ್ಥವಲ್ಲ. ಒಂದು ಮಾತು ಯಾವ ನಯದಿಂದ, ಯಾವ ಅಪೇಕ್ಷೆಯಿಂದ ಸತ್ಯ ಎಂದು ಸ್ಪಷ್ಟಪಡಿಸುವ ಹೊಣೆ ಅದರಲ್ಲಿದೆ. ಕೂಡಿ ಬರೆಯುವ ಸಾಧನಗಳು ಈ ಹೊಣೆಯನ್ನು ಅಭ್ಯಾಸಕ್ಕೆ ತರುತ್ತವೆ.

ಮಾಡಲು ಕೆಲಸವೂ ಬೇಕಾದಷ್ಟಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರ ಕಾರ್ಕಳದ ಬಾಹುಬಲಿ, 1604ರ ವೇಣೂರಿನ ಬಾಹುಬಲಿ ಎಲ್ಲರಿಗೂ ಗೊತ್ತು. ಹಳ್ಳಿಗಳ ಸಣ್ಣ ಬಸದಿಗಳು, ಹೊಲದ ಬದಿಯಲ್ಲಿ ಬಿದ್ದಿರುವ ನಿಸಿದಿ ಕಲ್ಲುಗಳು ಹಾಗಲ್ಲ. ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಮಕ್ಕಳು ಅವುಗಳ ಚಿತ್ರ ತೆಗೆದು, ಅಳತೆ ಬರೆದು, ಊರಿನ ಹಿರಿಯರನ್ನು ಕೇಳಿ ಒಂದು ಪುಟ ಸಿದ್ಧಪಡಿಸಿದರೆ ಅದು ಇತಿಹಾಸ, ಭಾಷೆ, ಗಣಿತ ಮೂರರ ಪಾಠವೂ ಆಗುತ್ತದೆ. ಒಂದು ಎಚ್ಚರಿಕೆ ಬೇಕು. ಹಿರಿಯರ ಮಾತು ತರಗತಿಯ ಕಡತದಲ್ಲಿ ಇರಲಿ, ಆದರೆ ವಿಕಿಪೀಡಿಯಕ್ಕೆ ಪ್ರಕಟಿತ ಆಧಾರವೇ ಬೇಕು.

ಅಡ್ಡಿಗಳನ್ನೂ ಮರೆಯುವಂತಿಲ್ಲ. ಸಮಾಜದ ಹಲವು ಪುಸ್ತಕ, ಪತ್ರಿಕೆಗಳು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಅಚ್ಚಾಗಿವೆ. ಯುನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಮನೆಯಲ್ಲಿ ಒಂದೇ ಫೋನ್ ಇದ್ದು, ಅದು ತಂದೆಯ ಜೊತೆ ಅಂಗಡಿಗೆ ಹೋಗುವುದಾದರೆ ಮಗು ಬರೆಯುವುದು ಯಾವಾಗ? ಅಂಥ ಮಕ್ಕಳಿಗಾಗಿ ಈ ಕೆಲಸ ಪಾಠಶಾಲೆಯಲ್ಲೇ, ಒಂದೇ ಲ್ಯಾಪ್‌ಟಾಪ್ ಸುತ್ತ ಕೂತು ನಡೆಯುವಂತಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮಕ್ಕಳ ಸುರಕ್ಷತೆ. ವಾಟ್ಸ್‌ಆಪ್ ಬಳಕೆಗೆ ಕಂಪನಿ ಇಟ್ಟಿರುವ ಕನಿಷ್ಠ ವಯಸ್ಸು 13. ಆದರೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯಿದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಗುವಿನ ಫೋಟೊ, ಪೂರ್ಣ ಹೆಸರು, ಫೋನ್ ಸಂಖ್ಯೆಗಳು ನೂರಾರು ಜನರ ಗ್ರೂಪ್‌ನಲ್ಲಿ ಹರಿದಾಡುವಾಗ ಈ ಮಾತು ಯಾರಿಗೂ ನೆನಪಾಗುವುದಿಲ್ಲ. ವಿದ್ಯಾರ್ಥಿ ವೇತನದ ಪಟ್ಟಿಯನ್ನೂ ಅಂಕಪಟ್ಟಿಯನ್ನೂ ಗ್ರೂಪ್‌ಗೆ ಹಾಕುವ ರೂಢಿ ನಿಲ್ಲಬೇಕು. ಕಡಿಮೆ ಅಂಕ ಬಂದ ಮಗು ಎಲ್ಲರೆದುರು ತಲೆ ತಗ್ಗಿಸುವಂತೆ ಮಾಡುವುದು ಅಹಿಂಸೆಯನ್ನು ಕಲಿಸುವ ಸಮಾಜಕ್ಕೆ ಒಪ್ಪುವ ಮಾತಲ್ಲ.

ಪಾಠಶಾಲೆಯ ಸಮಿತಿಗಳು ದೊಡ್ಡ ಯೋಜನೆಗೆ ಕಾಯಬೇಕಿಲ್ಲ. ಸೂಚನೆಗಳಿಗೆ ವಾಟ್ಸ್‌ಆಪ್ ಇರಲಿ, ಶಿಕ್ಷಕರು ಮಾತ್ರ ಸಂದೇಶ ಹಾಕುವ ವ್ಯವಸ್ಥೆ ಅದರಲ್ಲೇ ಇದೆ. ಬರವಣಿಗೆಗೆ ಒಂದು ಹಂಚಿಕೆಯ ಕಡತ ತೆರೆದು, ಪೋಷಕರ ಲಿಖಿತ ಒಪ್ಪಿಗೆ ಪಡೆದು, ಒಂದು ಊರು, ಒಂದು ಬಸದಿಯಿಂದ ಆರಂಭಿಸಿದರೆ ಸಾಕು. ಮುಂದಿನ ಪರ್ಯೂಷಣದ ಹೊತ್ತಿಗೆ ಆ ಮಕ್ಕಳೇ ಎದ್ದು ನಿಂತು, ತಮ್ಮೂರ ಬಸದಿಯ ಬಗ್ಗೆ ಆಧಾರ ಸಹಿತ ಮಾತನಾಡುವಂತಾದರೆ ಗ್ರೂಪ್ ಮಾಡಿದ್ದಕ್ಕೂ ಸಾರ್ಥಕ.